ಯೋಗ ಮ್ಯಾಟ್ ತೊಳೆಯೋದು ಹೇಗೆ: ಅಂಟುವಾಳ, ಅಡುಗೆ ಸೋಡಾ, ವಿನೆಗರ್ ಮತ್ತು ಫ್ಯಾನಿನ ಗಾಳಿ

ನನ್ನ ಮೊದಲ ರಬ್ಬರ್ ಮ್ಯಾಟ್ ಹಾಳಾಗಿದ್ದು ಕೊಳೆಯಿಂದ ಅಲ್ಲ. ನಾನು ಅದನ್ನು ತೊಳೆದಿದ್ದರಿಂದ. ಮೈಸೂರಿನ ಬೇಸಿಗೆ, ಪ್ರತಿ ಭಾನುವಾರ ವಿನೆಗರ್ ಚಿಮುಕಿಸಿ ಗಸಗಸ ಉಜ್ಜಿ, ಬಿಸಿಲಿಗೆ ಎಲ್ಲಾ ಕ್ರಿಮಿ ಸಾಯುತ್ತೆ ಅಂದುಕೊಂಡು ತಾರಸಿ ಮೇಲೆ ಹಪ್ಪಳ ಹರವಿದ ಹಾಗೆ ಹರವಿ, ಸಂಜೆ ನೆನಪಾದರೆ ತರುತ್ತಿದ್ದೆ, ಇಲ್ಲದಿದ್ದರೆ ಮಾರನೇ ದಿನ. ಮೇ ಮುಗಿಯುವಷ್ಟರಲ್ಲಿ ಮೇಲೆಲ್ಲ ಕೂದಲೆಳೆಯಂಥ ಬಿರುಕು. ಆಮೇಲೆ ಅಧೋಮುಖ ಶ್ವಾನಾಸನಕ್ಕೆ ಕೈ ಊರಿದಾಗಲೆಲ್ಲ ಅಂಗೈಗೆ ಕಪ್ಪು ಪುಡಿ. ಎರಡು ಸಾವಿರಕ್ಕೂ ಜಾಸ್ತಿ ಕೊಟ್ಟು ತಂದಿದ್ದು, ಹೊಟ್ಟೆ ಉರಿಯಿತು.

ಅದಾದ ಮೇಲೆ ಮನೆಯಲ್ಲಿ ಮೂರು ನಾಲ್ಕು ಥರದ ಮ್ಯಾಟ್ ಬಂದಿವೆ. ನಂದು, ಅಮ್ಮಂದು, ಮಕ್ಕಳ ಪಜಲ್ ಮ್ಯಾಟು. ಎಲ್ಲವನ್ನೂ ನಾನೇ ತೊಳೆಯುತ್ತೇನೆ. ಮ್ಯಾಟಿಗೆ ಹಾಕುವ ಪದಾರ್ಥ ಎಷ್ಟು ಕಮ್ಮಿಯೋ ಅಷ್ಟು ಒಳ್ಳೆಯದು, ಒಣಗಿಸೋದು ಎಷ್ಟು ಜಾಸ್ತಿಯೋ ಅಷ್ಟು ಒಳ್ಳೆಯದು ಅನ್ನೋದು ನಾನು ದುಡ್ಡು ಕೊಟ್ಟು ಕಲಿತ ವಿಷಯ. ಕೆಳಗೆ ಹೇಳಿದ್ದೆಲ್ಲ ಅದರ ವಿವರ.

ಮೊದಲು, ನಿಮ್ಮದು ಯಾವ ಮ್ಯಾಟ್?

ಇದನ್ನು ಬಿಟ್ಟು ಮುಂದಕ್ಕೆ ಹೋಗಬೇಡಿ. ಒಂದಕ್ಕೆ ಒಗ್ಗಿದ್ದು ಇನ್ನೊಂದನ್ನು ತಿಂದು ಹಾಕುತ್ತದೆ. ಕೊಂಡಾಗ ಬಂದ ಚೀಟಿ ಇದ್ದರೆ ಅದರಲ್ಲಿ ಬರೆದಿರುತ್ತದೆ, ಆದರೆ ಚೀಟಿ ಯಾರು ಇಟ್ಟಿರುತ್ತಾರೆ ಅಲ್ವಾ. ಹಾಗಾಗಿ ಮೂಗು ಮತ್ತು ಕೈ ಬಳಸಿ.

ಹೊಸದಾಗಿದ್ದಾಗ ಸೈಕಲ್ ಟ್ಯೂಬಿನ ವಾಸನೆ ಬರುತ್ತಿತ್ತಾ, ಎತ್ತಿದರೆ ಭಾರವಾ? ಅದು ಸಹಜ ರಬ್ಬರ್. ಇದಕ್ಕೆ ಬಿಸಿಲು, ಎಣ್ಣೆ, ಹುಳಿ ಮೂರೂ ಆಗಿ ಬರಲ್ಲ. ಅಂಗಡಿಯಲ್ಲಿ ಕಮ್ಮಿ ಬೆಲೆಗೆ ಸಿಗುವ, ಸ್ವಲ್ಪ ಅಂಟಂಟಾದ, ಎಳೆದರೆ ಹಿಗ್ಗದ ಮ್ಯಾಟು ಹೆಚ್ಚಾಗಿ ಪಿವಿಸಿ. ಇದು ಗಟ್ಟಿ ಪಿಂಡ, ಏನು ಮಾಡಿದರೂ ಸಹಿಸಿಕೊಳ್ಳುತ್ತದೆ. ತುಂಬಾ ಹಗುರವಾಗಿ, ಎರಡು ಕಡೆ ಎರಡು ಬಣ್ಣ ಇದ್ದರೆ ಟಿಪಿಇ ಇರಬಹುದು, ಅಂದರೆ ರಬ್ಬರಿನ ಹಾಗೆ ಹಿಗ್ಗುವ ಪ್ಲಾಸ್ಟಿಕ್, ಇದಕ್ಕೆ ಬಿಸಿ ಆಗಲ್ಲ. ಹತ್ತು ಮಿಲಿಮೀಟರ್ ದಪ್ಪ, ಒತ್ತಿದರೆ ಬ್ರೆಡ್ಡಿನ ಹಾಗೆ ಒಳಗೆ ಹೋಗುತ್ತದೆ ಅಂದರೆ ಎನ್‌ಬಿಆರ್ ಫೋಮ್, ಒಂಥರಾ ಕೃತಕ ರಬ್ಬರಿನದು. ಮಕ್ಕಳ ಕೋಣೆಯಲ್ಲಿ ಒಂದಕ್ಕೊಂದು ಸಿಕ್ಕಿಸುವ ಬಣ್ಣಬಣ್ಣದ ಚೌಕಗಳು ಇವಿಎ, ಅದೂ ಒಂಥರಾ ಪ್ಲಾಸ್ಟಿಕ್ ಫೋಮು. ಕಾರ್ಕ್, ಸೆಣಬು, ಹತ್ತಿ ಜಮಖಾನ ಇವನ್ನು ನೋಡಿದರೇ ಗೊತ್ತಾಗುತ್ತದೆ.

ಇನ್ನೊಂದು ಪರೀಕ್ಷೆ ಇದೆ, ನನಗೆ ಇದು ಹೆಸರಿಗಿಂತ ಮುಖ್ಯ. ಮ್ಯಾಟಿನ ಮೂಲೆಯಲ್ಲಿ ಒಂದು ಹನಿ ನೀರು ಬಿಡಿ. ಮೂರು ನಿಮಿಷ ಕಾಯಿರಿ. ಕೆಸುವಿನ ಎಲೆ ಮೇಲೆ ನಿಂತ ಹಾಗೆ ಗುಂಡಗೆ ನಿಂತಿದ್ದರೆ ಅದರ ರಂಧ್ರಗಳು ಮುಚ್ಚಿವೆ, ಕೊಳೆ ಮೇಲೇ ಇದೆ, ಒರೆಸಿದರೆ ಸಾಕು. ಹನಿ ಮಾಯವಾಗಿ ಅಲ್ಲಿ ಕಪ್ಪಗೆ ಕಲೆ ಕಂಡರೆ ಮ್ಯಾಟು ನೀರು ಕುಡಿಯುತ್ತದೆ. ಅಂದರೆ ನಿಮ್ಮ ಬೆವರನ್ನೂ ಕುಡಿದಿದೆ. ಇಂಥದ್ದಕ್ಕೆ ಆಗಾಗ ತೊಳೆಯೋದೂ ಬೇಕು, ಒಣಗಿಸಲು ತಾಳ್ಮೆಯೂ ಬೇಕು.

ಅಡುಗೆಮನೆಯಿಂದ ಏನು ಬೇಕು

ಅಂಟುವಾಳ, ಅಡುಗೆ ಸೋಡಾ, ಬಿಳಿ ವಿನೆಗರ್, ಎರಡು ಹಳೇ ಹತ್ತಿ ಬಟ್ಟೆ, ಒಂದು ದಪ್ಪ ಟವೆಲ್, ಒಂದು ಸ್ಪ್ರೇ ಬಾಟಲಿ. ಅಷ್ಟೇ. ಹಳೇ ಲುಂಗಿ, ಪಂಚೆ ಒರೆಸಲು ಬಹಳ ಚೆನ್ನಾಗಿರುತ್ತವೆ, ನೀರನ್ನು ಚೆನ್ನಾಗಿ ಹೀರುತ್ತವೆ, ಎಳೆ ಬಿಡುವುದಿಲ್ಲ.

ಅಡುಗೆ ಸೋಡಾ ಅಂದರೆ ಬೋಂಡಾ, ಇಡ್ಲಿಗೆ ಚಿಟಿಕೆ ಹಾಕುತ್ತೇವಲ್ಲ, ಅದು. ಬಟ್ಟೆಗೆ ಹಾಕುವ ವಾಷಿಂಗ್ ಸೋಡಾ ಅಲ್ಲ, ಅದು ತುಂಬಾ ಖಾರ, ಕೈ ಚರ್ಮವನ್ನೂ ಮ್ಯಾಟನ್ನೂ ಸುಡುತ್ತದೆ. ಬೇಕಿಂಗ್ ಪೌಡರ್ ಕೂಡ ಅಲ್ಲ, ಅದರಲ್ಲಿ ಪಿಷ್ಟ ಸೇರಿರುತ್ತದೆ, ಇರುವೆಗೆ ಊಟ ಹಾಕಿದ ಹಾಗೆ.

ಇಲ್ಲಿ ಒಂದು ಜಗಳ ಇದೆ. ಸೋಡಾ ಮತ್ತು ವಿನೆಗರ್ ಎರಡನ್ನೂ ಬೆರೆಸಿ ಬುಸ್ ಅಂತ ನೊರೆ ಬರಿಸಿ "ನೋಡಿ ಕೊಳೆ ಹೇಗೆ ಏಳುತ್ತಿದೆ" ಅಂತ ತೋರಿಸುವ ವಿಡಿಯೋಗಳು ಬೇಕಾದಷ್ಟು. ಆ ನೊರೆ ಬರೀ ಗಾಳಿ. ಸೋಡಾ ಕ್ಷಾರ, ವಿನೆಗರ್ ಆಮ್ಲ. ಎರಡೂ ಸೇರಿದರೆ ಒಂದನ್ನೊಂದು ಕೊಂದುಕೊಂಡು ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದೆ, ಉಳಿಯೋದು ಸ್ವಲ್ಪ ಉಪ್ಪಿನಂಥ ಪದಾರ್ಥ ಇರುವ ನೀರು. ನಾತಕ್ಕೆ ಸೋಡಾ, ಅಂಟಿಗೂ ನೀರಿನ ಬಿಳಿ ಕಲೆಗೂ ವಿನೆಗರ್. ಬೇರೆ ಬೇರೆ ದಿನ, ಬೇರೆ ಬೇರೆ ಕೆಲಸ.

ಅಂಟುವಾಳದ ನೀರು

ಮನೆಯಲ್ಲಿ ಅಜ್ಜಿ ಇದ್ದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ರೇಷ್ಮೆ ಸೀರೆ, ಬೆಳ್ಳಿ ದೀಪ, ಚಿನ್ನದ ಸರ ಎಲ್ಲಕ್ಕೂ ಇದೇ ಆಗಿತ್ತು. ಗ್ರಂಧಿಗೆ ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ. ನಾನು ತರೋದು ದೇವರಾಜ ಮಾರುಕಟ್ಟೆ ಕಡೆಯಿಂದ, ಕಾಲು ಕೆಜಿ ತಂದರೆ ತಿಂಗಳುಗಟ್ಟಲೆ ಬರುತ್ತದೆ.

ಹತ್ತು ಕಾಯಿ ತೆಗೆದುಕೊಂಡು ಜಜ್ಜಿ, ಒಳಗಿನ ಕರೀ ಬೀಜ ತೆಗೆದುಬಿಡಿ. ನೊರೆ ಬರೋದು ಸಿಪ್ಪೆಯಿಂದ. ಸಿಪ್ಪೆಯನ್ನು ಅರ್ಧ ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿಡಿ. ಬೆಳಿಗ್ಗೆ ಅದೇ ನೀರಿನಲ್ಲಿ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಸಿ. ಪಕ್ಕದಲ್ಲೇ ನಿಂತಿರಿ, ಹಾಲಿನ ಹಾಗೆ ದಿಢೀರನೆ ಉಕ್ಕಿ ಒಲೆ ತುಂಬಾ ಹರಿಯುತ್ತದೆ, ನನ್ನದು ಎರಡು ಸಲ ಆಗಿದೆ. ತಣ್ಣಗಾದ ಮೇಲೆ ಕೈಯಲ್ಲಿ ಹಿಸುಕಿ. ಬೆರಳುಗಳ ಸಂದಿಯಿಂದ ತೆಳು ಕಂದು ಬಣ್ಣದ ನೊರೆ ಹೊರಬರುತ್ತದೆ, ಸಿಪ್ಪೆ ಲೋಳೆಯಾಗುತ್ತದೆ, ಒಂಥರಾ ಹುಳಿ ಸೇಬಿನ ವಾಸನೆ. ಬಟ್ಟೆಯಲ್ಲಿ ಸೋಸಿ. ಸಿಪ್ಪೆ ಚೂರು ಉಳಿದರೆ ಸ್ಪ್ರೇ ಬಾಟಲಿ ಕಟ್ಟಿಕೊಳ್ಳುತ್ತದೆ.

ಈ ಗಟ್ಟಿ ನೀರು ಫ್ರಿಜ್ಜಿನಲ್ಲಿ ಒಂದು ವಾರ ಇರುತ್ತದೆ. ಹೊರಗಿಟ್ಟರೆ ಬೇಗ ಹುಳಿ ಬರುತ್ತದೆ. ಬಾಟಲಿ ಮೇಲೆ ದೊಡ್ಡದಾಗಿ ಬರೆದಿಡಿ, ನೋಡಲು ಥೇಟ್ ಚಹಾ ಡಿಕಾಕ್ಷನ್ ಥರ ಇರುತ್ತದೆ. ಕಣ್ಣಿಗೆ ಬಿದ್ದರೆ ವಿಪರೀತ ಉರಿ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ.

ಸಾಬೂನು ಬಿಟ್ಟು ಇಷ್ಟು ಒದ್ದಾಟ ಯಾಕೆ ಅಂತ ಕೇಳಬಹುದು. ಬೋರ್‌ವೆಲ್ ನೀರಿನ ಮನೆಯವರಿಗೆ ಇದು ಗೊತ್ತಿರುತ್ತದೆ: ಗಡಸು ನೀರಿನಲ್ಲಿ ಸಾಬೂನು ಹಾಕಿದರೆ ನೊರೆ ಬರಲ್ಲ, ಬದಲಿಗೆ ಬಿಳಿ ಜಿಡ್ಡು ಕಟ್ಟುತ್ತದೆ. ನೀರಿನ ಸುಣ್ಣದ ಅಂಶ ಸಾಬೂನಿನ ಜೊತೆ ಸೇರಿ ಆಗುವ ಜಿಡ್ಡು ಅದು. ಬಕೆಟ್ಟಿನ ಅಂಚಿನಲ್ಲಿ ಕೂರುವ ಹಾಗೇ ಮ್ಯಾಟಿನ ಮೇಲೂ ಕೂರುತ್ತದೆ. ತೊಳೆದ ಮಾರನೇ ದಿನವೇ ಮ್ಯಾಟು ಜಾರಿದರೆ ತಪ್ಪು ಮ್ಯಾಟಿಂದಲ್ಲ, ಆ ಜಿಡ್ಡಿಂದು. ಅಂಟುವಾಳದ ನೊರೆ ಸುಣ್ಣದ ಜೊತೆ ಹಾಗೆ ಜಿಡ್ಡು ಕಟ್ಟುವುದಿಲ್ಲ. ಸಿಗದಿದ್ದರೆ ಪಾತ್ರೆ ತೊಳೆಯುವ ಲಿಕ್ವಿಡ್ ಆಗುತ್ತದೆ, ಅದೂ ಅಷ್ಟಾಗಿ ಜಿಡ್ಡು ಬಿಡಲ್ಲ. ಆದರೆ ಅರ್ಧ ಬಕೆಟ್ ನೀರಿಗೆ ನಾಲ್ಕೇ ಹನಿ. ನಾಲ್ಕು ಅಂದರೆ ನಾಲ್ಕು.

ದಿನಾ ಒರೆಸೋದು

ಕಾಲು ಲೀಟರ್ ನೀರಿಗೆ ಎರಡು ಚಮಚ ಅಂಟುವಾಳದ ನೀರು ಹಾಕಿ ಸ್ಪ್ರೇ ಬಾಟಲಿಗೆ ತುಂಬಿ. ಬೆಳಿಗ್ಗೆ ಆಸನ ಮುಗಿದ ಮೇಲೆ ಬಟ್ಟೆಗೆ ಸ್ಪ್ರೇ ಮಾಡಿ ಒರೆಸಿ, ಆಮೇಲೆ ಬರೀ ನೀರಲ್ಲಿ ಹಿಂಡಿದ ಬಟ್ಟೆಯಿಂದ ಇನ್ನೊಂದು ಸಲ. ಅಂಗೈ, ಪಾದ, ಹಣೆ ಮುಟ್ಟುವ ಜಾಗಕ್ಕೆ ಸ್ವಲ್ಪ ಜಾಸ್ತಿ ಗಮನ ಕೊಡಿ. ಆಮೇಲೆ ತಕ್ಷಣ ಸುತ್ತಬೇಡಿ! ಸ್ನಾನ ಮಾಡಿ ತಿಂಡಿ ತಿಂದು ಬರುವವರೆಗೆ ಹಾಗೇ ಬಿಡಿ. ಬೆವರಿಗೆ ಅದರಷ್ಟಕ್ಕೇ ದೊಡ್ಡ ವಾಸನೆ ಇಲ್ಲ, ಅದನ್ನು ತಿಂದು ನಾತ ಮಾಡೋದು ಬ್ಯಾಕ್ಟೀರಿಯಾ, ಅವಕ್ಕೆ ಬೇಕಾಗಿದ್ದು ತೇವ ಮತ್ತು ಕತ್ತಲು, ಒದ್ದೆ ಮ್ಯಾಟನ್ನು ಬಿಗಿಯಾಗಿ ಸುತ್ತಿ ಚೀಲಕ್ಕೆ ತುರುಕಿದರೆ ಎರಡೂ ಒಟ್ಟಿಗೆ ಸಿಕ್ಕಿಬಿಡುತ್ತದೆ.

ಪಿವಿಸಿ ಮ್ಯಾಟಿಗೆ ವಾರಕ್ಕೊಮ್ಮೆ ವಿನೆಗರ್ ಬೇಕಾದರೆ ಬಳಸಿ: ಒಂದು ಭಾಗ ವಿನೆಗರ್, ಮೂರು ಭಾಗ ನೀರು. ಅಂಗಡಿ ವಿನೆಗರ್ ಸುಮಾರು 4% ಆಮ್ಲ, ಅದನ್ನು ಹಾಗೇ ಸುರಿಯುವುದು ಬೇಡ. ಒಣಗಿದ ಮೇಲೆ ಉಪ್ಪಿನಕಾಯಿ ವಾಸನೆ ಹೋಗುತ್ತದೆ. ಟಿಪಿಇಗೆ ಇನ್ನೂ ತೆಳುವಾಗಿ, ಅಪರೂಪಕ್ಕೆ. ರಬ್ಬರಿಗೆ ಬೇಡವೇ ಬೇಡ.

ಒಂದು ಎಚ್ಚರಿಕೆ, ಇದೂ ಅನುಭವದ್ದೇ. ಮಾರ್ಬಲ್ ನೆಲದ ಮೇಲೆ ಮ್ಯಾಟ್ ಹಾಸಿಕೊಂಡೇ ವಿನೆಗರ್ ಸ್ಪ್ರೇ ಮಾಡಬೇಡಿ. ಮಾರ್ಬಲ್ ಸುಣ್ಣದ ಕಲ್ಲು, ಹುಳಿ ಬಿದ್ದ ಕಡೆ ಹೊಳಪು ಸತ್ತುಹೋಗುತ್ತದೆ. ಕಡಪ ಕಲ್ಲಿನದೂ ಅದೇ ಕಥೆ. ನಮ್ಮ ಹಾಲಿನಲ್ಲಿ ಮ್ಯಾಟಿನ ಅಂಚಿನ ಉದ್ದಕ್ಕೂ ಮಾಸಲು ಚುಕ್ಕೆಗಳ ಸಾಲು ಇವತ್ತಿಗೂ ಇದೆ, ಬಂದ ನೆಂಟರಿಗೆಲ್ಲ ಅಮ್ಮ ತಪ್ಪದೆ ತೋರಿಸುತ್ತಾರೆ.

ತಿಂಗಳಿಗೊಮ್ಮೆ ಪೂರ್ತಿ ತೊಳೆಯೋದು

ದಿನಾ ಬಳಸುವವರಿಗೆ ತಿಂಗಳಿಗೊಮ್ಮೆ, ವಾರಕ್ಕೆ ಎರಡು ದಿನ ಮಾಡುವವರಿಗೆ ಮೂರು ತಿಂಗಳಿಗೊಮ್ಮೆ ಸಾಕು. ಬೆಳಿಗ್ಗೆ ಬೇಗ ಶುರು ಮಾಡಿ, ಮೋಡ ಇಲ್ಲದ ದಿನ ನೋಡಿಕೊಂಡು.

1. ಮ್ಯಾಟನ್ನು ಕೊಡವಿ. ಧೂಳು, ಕೂದಲು ಇದ್ದರೆ ಒಣ ಬಟ್ಟೆಯಿಂದ ತೆಗೆಯಿರಿ. ಒದ್ದೆ ಮಾಡಿದ ಮೇಲೆ ಕೂದಲು ತೆಗೆಯೋದು ದೊಡ್ಡ ತಲೆನೋವು.

2. ಬಚ್ಚಲಿನ ನೆಲ ಅಥವಾ ಬಾಲ್ಕನಿಯನ್ನು ಮೊದಲು ತೊಳೆದುಕೊಂಡು ಮ್ಯಾಟ್ ಹಾಸಿ. ನೆಲ ತೊಳೆಯಲು ಹಾಕಿದ ಫಿನೈಲ್ ಉಳಿದಿರಬಾರದು. ಒಂದು ಲೀಟರ್ ನೀರಿಗೆ ಒಂದು ಲೋಟ ಅಂಟುವಾಳದ ನೀರು ಬೆರೆಸಿ. ನೀರು ತಣ್ಣಗಿರಲಿ ಅಥವಾ ಉಗುರು ಬೆಚ್ಚಗಿರಲಿ. ಗೀಸರಿನ ಸುಡು ನೀರು ಟಿಪಿಇ, ಇವಿಎ ಮ್ಯಾಟನ್ನು ಸೊಟ್ಟ ಮಾಡುತ್ತದೆ.

3. ಮೆತ್ತನೆ ಸ್ಪಂಜು ಅಥವಾ ಬಟ್ಟೆಯಿಂದ ಗುಂಡಗೆ ಒರೆಸುತ್ತಾ ಹೋಗಿ. ಒಂದು ಮ್ಯಾಟು ಸುಮಾರು ಎರಡು ಅಡಿ ಅಗಲ, ಐದೂಮುಕ್ಕಾಲು ಅಡಿ ಉದ್ದ ಇರುತ್ತದೆ. ಒಂದು ಮುಖಕ್ಕೆ ಐದು ನಿಮಿಷ ಸಾಕು. ಬಟ್ಟೆ ಒಗೆಯುವ ಬ್ರಷ್, ಪಾತ್ರೆ ಉಜ್ಜುವ ಹಸಿರು ನಾರು ಎರಡೂ ಬೇಡ. ಕಾಲಿಗೆ ಹಿಡಿತ ಕೊಡೋದು ಮೇಲ್ಮೈಯ ಸಣ್ಣ ಗೀರುಗಳು, ಅವನ್ನೇ ನೀವು ಉಜ್ಜಿ ತೆಗೆದುಬಿಡುತ್ತೀರಿ. ತಿರುಗಿಸಿ ಕೆಳಮುಖವನ್ನೂ ತೊಳೆಯಿರಿ. ನೆಲದ ಧೂಳೆಲ್ಲ ಅಲ್ಲಿರುತ್ತದೆ, ಸುತ್ತಿದಾಗ ಅದೇ ಮೇಲ್ಮುಖಕ್ಕೆ ಬಂದು ಅಂಟುತ್ತದೆ.

4. ಬರೀ ನೀರಿನಿಂದ ತೊಳೆಯಿರಿ. ನೀರು ಕುಡಿಯುವ ಮ್ಯಾಟಾದರೆ ನೊರೆ ಪೂರ್ತಿ ಹೋಗುವವರೆಗೆ, ಅಂದರೆ ಅಂಗೈಯಲ್ಲಿ ಒತ್ತಿದಾಗ ಗುಳ್ಳೆ ಬರುವುದು ನಿಲ್ಲುವವರೆಗೆ. ಮುಚ್ಚಿದ ರಂಧ್ರದ ಮ್ಯಾಟಿಗೆ ಎರಡು ಚೊಂಬು ನೀರು ಹಾಕಿ, ಒದ್ದೆ ಬಟ್ಟೆಯಿಂದ ಎರಡು ಸಲ ಎಳೆದರೆ ಆಯಿತು.

5. ಹಿಂಡಬೇಡಿ. ಸೀರೆ ಹಿಂಡಿದ ಹಾಗೆ ತಿರುಚಿದರೆ ಒಳಗೆ ಹರಿಯುತ್ತದೆ, ಹೊರಗೆ ಕಾಣಲ್ಲ. ಬದಲಿಗೆ ಒಣ ಟವೆಲ್ ಹಾಸಿ, ಅದರ ಮೇಲೆ ಮ್ಯಾಟ್ ಹಾಸಿ, ಎರಡನ್ನೂ ಸೇರಿಸಿ ಚಾಪೆ ಸುತ್ತಿದ ಹಾಗೆ ಸುತ್ತಿ, ಆ ಸುರುಳಿ ಮೇಲೆ ಬರಿಗಾಲಲ್ಲಿ ಮೆಲ್ಲಗೆ ನಡೆಯಿರಿ. ನಮ್ಮ ಮನೆಯಲ್ಲಿ ಈ ಕೆಲಸ ಮಕ್ಕಳದು, ಕರೆಯದೇ ಬರುತ್ತಾರೆ. ಬಿಚ್ಚಿದರೆ ಟವೆಲ್ ತೊಪ್ಪೆ, ಮ್ಯಾಟಿನಲ್ಲಿ ಬರೀ ತೇವ.

ವಾಷಿಂಗ್ ಮೆಷಿನ್‌ಗೆ ಹಾಕಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಹತ್ತಿ ಜಮಖಾನ ಹಾಕಿ. ಫೋಮು, ರಬ್ಬರು ಹಾಕಬೇಡಿ, ಹರಿಯೋದು ಮ್ಯಾಟ್ ಒಂದೇ ಅಲ್ಲ, ಒಂದೇ ಕಡೆ ಭಾರ ಬಿದ್ದು ಸ್ಪಿನ್‌ನಲ್ಲಿ ಮೆಷಿನ್ನೇ ಕುಣಿಯಲು ಶುರು ಮಾಡುತ್ತದೆ.

ಒಣಗಿಸೋದೇ ಅರ್ಧ ಕೆಲಸ

ನೆರಳು, ಗಾಳಿ. ಇದಕ್ಕಿಂತ ಜಾಸ್ತಿ ಹೇಳಲು ನನ್ನ ಹತ್ತಿರ ಇಲ್ಲ, ಆದರೂ ಜನ ಬಿಸಿಲಿಗೇ ಹಾಕುತ್ತಾರೆ, ನಾನೂ ಹಾಕಿದ್ದೆ. ಬಿಸಿಲಿನ ಅತಿನೇರಳೆ ಕಿರಣ ರಬ್ಬರಿನ ಹುರಿಯನ್ನು ಕಡಿಯುತ್ತದೆ, ಹಾಗಾಗಿ ಅದು ಬಿರಿದು ಪುಡಿಯಾಗುತ್ತದೆ. ಕಿಟಕಿ ಸರಳಿಗೆ ಸಿಕ್ಕಿಸಿದ ರಬ್ಬರ್ ಬ್ಯಾಂಡು ಒಂದು ಬೇಸಿಗೆಯಲ್ಲಿ ಏನಾಗುತ್ತದೆ ನೋಡಿದ್ದೀರಲ್ಲ, ಅದೇ. ಪಿವಿಸಿಯನ್ನು ಬೆಳಗಿನ ಎಳೆ ಬಿಸಿಲಿನಲ್ಲಿ ಅರ್ಧ ಗಂಟೆ ಇಟ್ಟರೆ ತೊಂದರೆ ಇಲ್ಲ. ಹತ್ತಿ ಜಮಖಾನವನ್ನು ಧಾರಾಳವಾಗಿ ಬಿಸಿಲಿಗೆ ಹಾಕಿ.

ತೆಳು ಹಗ್ಗದ ಮೇಲೆ ಮಡಚಿ ಹಾಕಿದರೆ ಮಧ್ಯದಲ್ಲಿ ಗೆರೆ ಬಿದ್ದು ಉಳಿದುಬಿಡುತ್ತದೆ. ಬಾಲ್ಕನಿ ಕಟಕಟೆ, ಬಟ್ಟೆ ಸ್ಟ್ಯಾಂಡು, ಎರಡು ಪ್ಲಾಸ್ಟಿಕ್ ಕುರ್ಚಿಯ ಬೆನ್ನು, ಹೀಗೆ ಅಗಲವಾದದ್ದರ ಮೇಲೆ ಹಾಕಿ. ಎರಡು ಗಂಟೆಗೊಮ್ಮೆ ಮುಖ ಬದಲಿಸಿ. ನೀರು ಕುಡಿಯುವ ಮ್ಯಾಟಿಗೆ ಪೂರ್ತಿ ಒಂದು ದಿನ ಬಿಡಿ, ಕೆಲವಕ್ಕೆ ಎರಡು ದಿನವೂ ಬೇಕು. ಒಣಗಿದೆಯಾ ಅಂತ ನೋಡಲು ಮುಂಗೈ ಹಿಂಭಾಗವನ್ನು ಮ್ಯಾಟಿನ ಮೇಲೆ ಒತ್ತಿ ಹಿಡಿಯಿರಿ. ತಣ್ಣಗೆ ಅನ್ನಿಸಿದರೆ ಒಳಗಿನ್ನೂ ನೀರಿದೆ.

ಮಲೆನಾಡು, ಕರಾವಳಿಯವರು ಇಲ್ಲಿ ನಗುತ್ತಿರಬಹುದು. ಜೂನ್‌ನಿಂದ ಆಗಸ್ಟ್‌ವರೆಗೆ ಒಳ ಉಡುಪೇ ಒಣಗದ ಊರಿನಲ್ಲಿ ಮ್ಯಾಟ್ ಎಲ್ಲಿಂದ ಒಣಗಬೇಕು? ಮಳೆಗಾಲದಲ್ಲಿ ಪೂರ್ತಿ ತೊಳೆಯಲೇ ಬೇಡಿ. ಮೇ ಕೊನೆಯಲ್ಲಿ ಒಂದು ಸಲ, ಆಮೇಲೆ ನವರಾತ್ರಿ ಹೊತ್ತಿಗೆ ಇನ್ನೊಂದು ಸಲ. ನಡುವೆ ಹಿಂಡಿದ ಬಟ್ಟೆಯಿಂದ ಒರೆಸಿ ಫ್ಯಾನಿನ ಕೆಳಗೆ ಬಿಡಿ. ಮ್ಯಾಟನ್ನು ಸುತ್ತಿ ಮೂಲೆಗೆ ನಿಲ್ಲಿಸುವ ಬದಲು ಬಾಗಿಲ ಹಿಂದೆ ತೂಗುಹಾಕಿ.

ನಾತ, ಎಣ್ಣೆ, ಬೂಸ್ಟು

ಪಾದದ ಹುಳಿ ನಾತ ಹೋಗಲ್ಲ ಅನ್ನುವವರಿಗೆ ಅಡುಗೆ ಸೋಡಾ. ಆ ನಾತ ಹೆಚ್ಚಾಗಿ ಆಮ್ಲದ್ದು, ಸೋಡಾ ಅದನ್ನು ಹಾರದ ಉಪ್ಪಾಗಿ ಮಾಡುತ್ತದೆ. ಒಣ ಮ್ಯಾಟಿನ ಮೇಲೆ ಮೂರು ನಾಲ್ಕು ಚಮಚ ಸೋಡಾವನ್ನು ಜರಡಿಯಿಂದ ರಂಗೋಲಿ ಪುಡಿ ಉದುರಿಸಿದ ಹಾಗೆ ತೆಳುವಾಗಿ ಉದುರಿಸಿ, ರಾತ್ರಿ ಬಿಟ್ಟು, ಬೆಳಿಗ್ಗೆ ಕೊಡವಿ, ಒದ್ದೆ ಬಟ್ಟೆಯಿಂದ ಎರಡು ಸಲ ಒರೆಸಿ. ಬಿಳಿ ಪುಡಿ ಉಳಿದರೆ ಜಾರುತ್ತದೆ, ಕಪ್ಪು ಮ್ಯಾಟಿನಲ್ಲಿ ಕಾಣುತ್ತದೆ ಕೂಡ.

ಎಣ್ಣೆ ಕಲೆ ನಮ್ಮಲ್ಲಿ ವಿಶೇಷ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಶವಾಸನಕ್ಕೆ ಮಲಗಿದರೆ ತಲೆ ಇಟ್ಟ ಜಾಗದಲ್ಲಿ ಗುಂಡನೆ ಕಪ್ಪು ಚಂದ್ರ. ರಬ್ಬರ್ ಎಣ್ಣೆ ಕುಡಿದು ಊದಿಕೊಳ್ಳುತ್ತದೆ, ಅದನ್ನು ವಾಪಸ್ ತರಲು ಆಗಲ್ಲ. ಬೇರೆ ಮ್ಯಾಟಾದರೆ ಕಡಲೆ ಹಿಟ್ಟು ಉದುರಿಸಿ ಅರ್ಧ ಗಂಟೆ ಬಿಡಿ. ಅಭ್ಯಂಜನದ ದಿನ ಮೈಯಿಂದ ಎಣ್ಣೆ ತೆಗೆಯುವ ಹಾಗೇ ಇಲ್ಲೂ ತೆಗೆಯುತ್ತದೆ. ಆಮೇಲೆ ಅಂಟುವಾಳದ ಗಟ್ಟಿ ನೀರಿನಿಂದ ಒರೆಸಿ, ಹಿಟ್ಟು ಒಂದು ಕಣ ಉಳಿಯದ ಹಾಗೆ ತೊಳೆಯಿರಿ. ಎಣ್ಣೆ ಹಚ್ಚಿದ ದಿನ ತಲೆ ಕೆಳಗೆ ಒಂದು ಟವೆಲ್ ಹಾಕಿಕೊಂಡರೆ ಇದ್ಯಾವುದೂ ಬೇಕಿಲ್ಲ.

ಬೂಸ್ಟು ಹಿಡಿದಿದ್ದರೆ ಮನೆ ಒಳಗೆ ಕೊಡವಬೇಡಿ, ಆ ಪುಡಿ ಎಲ್ಲಾ ಕಡೆ ಹರಡುತ್ತದೆ. ಹೊರಗೆ ಒಯ್ದು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಒದ್ದೆ ಬಟ್ಟೆಯಿಂದ ಒರೆಸಿ. ಪಿವಿಸಿ ಮೇಲಿನ ತೆಳು ಬೂಸ್ಟಿಗೆ ವಿನೆಗರನ್ನು ನೀರು ಬೆರೆಸದೇ ಹಚ್ಚಿ ಅರ್ಧ ಗಂಟೆ ಬಿಟ್ಟು ತೊಳೆಯಬಹುದು. ವಿನೆಗರನ್ನು ಹಾಗೇ ಬಳಸಲು ನಾನು ಒಪ್ಪೋದು ಇದೊಂದಕ್ಕೆ. ಕಪ್ಪು ಚುಕ್ಕೆ ಫೋಮಿನ ಒಳಗೆ ಇಳಿದಿದ್ದರೆ ಆ ಮ್ಯಾಟಿನ ಆಸೆ ಬಿಡಿ.

ಮನೆಯಲ್ಲಿ ಯಾರಿಗಾದರೂ ಹುಳುಕಡ್ಡಿ ಆಗಿದ್ದರೆ ಅಡುಗೆಮನೆ ವೈದ್ಯ ಸಾಲದು. ಅವರ ಮ್ಯಾಟ್ ಬೇರೆ ಇಡಿ, ಚರ್ಮದ ಡಾಕ್ಟರಿಗೆ ತೋರಿಸಿ. ವಿನೆಗರ್, ಅಂಟುವಾಳ ಕೊಳೆ ತೆಗೆಯುತ್ತವೆ, ಆಸ್ಪತ್ರೆಯ ಸೋಂಕುನಿವಾರಕ ಅಲ್ಲ. ಅಂಥ ಹೊತ್ತಿನಲ್ಲಿ ಬ್ಲೀಚ್ ಬಳಸುವುದಾದರೆ ಅದರ ಹತ್ತಿರಕ್ಕೂ ವಿನೆಗರ್ ತರಬೇಡಿ, ಎರಡೂ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ, ಮುಚ್ಚಿದ ಬಚ್ಚಲಿನಲ್ಲಿ ಅದು ಅಪಾಯ.

ಕಾರ್ಕ್, ಸೆಣಬು, ಜಮಖಾನ

ಕಾರ್ಕನ್ನು ನೆನೆಸಬೇಡಿ, ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿ, ಅಷ್ಟೇ. ಸೆಣಬಿಗೆ ಸೋಡಾ ಉದುರಿಸಿ ಕೊಡವಿ, ಒದ್ದೆ ಆದಷ್ಟೂ ಕಮ್ಮಿ ಇರಲಿ.

ಹತ್ತಿ ಜಮಖಾನದ ಬಗ್ಗೆ ನನಗೆ ಪಕ್ಷಪಾತ ಇದೆ, ಒಪ್ಪಿಕೊಳ್ಳುತ್ತೇನೆ. 1930ರ ದಶಕದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗ ಗುರು ಟಿ. ಕೃಷ್ಣಮಾಚಾರ್ಯರು ಯೋಗ ಕಲಿಸುತ್ತಿದ್ದಾಗ ಈ ಅಂಟು ಮ್ಯಾಟುಗಳು ಇರಲಿಲ್ಲ. ಇವತ್ತು ಮೈಸೂರಿನ ಗೋಕುಲಂ ಬಡಾವಣೆಗೆ ಅಷ್ಟಾಂಗ ಯೋಗ ಕಲಿಯಲು ಬರುವ ವಿದೇಶಿಯರಲ್ಲಿ ಎಷ್ಟೋ ಜನ ರಬ್ಬರ್ ಮ್ಯಾಟಿನ ಮೇಲೆ ಹತ್ತಿಯ ಹಾಸು ಹಾಕುತ್ತಾರೆ, ಅದಕ್ಕೆ ಮೈಸೂರು ರಗ್ ಅಂತಲೇ ಹೆಸರು. ಜೋರಾಗಿ ಬೆವರುವವರಿಗೆ ಇದಕ್ಕಿಂತ ಸುಲಭದ ದಾರಿ ಇಲ್ಲ: ಬೆವರನ್ನು ಆ ಹಾಸು ಕುಡಿಯುತ್ತದೆ, ಹಾಸು ಮೆಷಿನ್‌ಗೆ. ಕೆಳಗಿನ ಮ್ಯಾಟು ತಿಂಗಳಾದರೂ ಹೊಸದರ ಹಾಗೆ. ಮೊದಲ ಎರಡು ಮೂರು ಸಲ ಬೇರೆ ಬಟ್ಟೆ ಜೊತೆ ಹಾಕಬೇಡಿ, ಬಣ್ಣ ಬಿಡುತ್ತದೆ.

ಇವು ಬೇಡ

ಅರಿಶಿನ ಬೇಡ, ಕಲೆ ಹೋಗಲ್ಲ. ನಿಂಬೆ ರಸ ಬೇಡ, ಒಣಗಿದರೆ ಅಂಟು. ಬೇವಿನ ಕಷಾಯವನ್ನು ತಿಳಿ ಬಣ್ಣದ ಮ್ಯಾಟಿಗೆ ಹಾಕಿದರೆ ಹಸಿರು ಕಂದು ಮಚ್ಚೆ. ಒಲೆ ಬೂದಿ ಕ್ಷಾರ, ಜೊತೆಗೆ ಗೀರುತ್ತದೆ. ಉಪ್ಪು ಗಾಳಿಯ ತೇವ ಎಳೆದು ಮ್ಯಾಟನ್ನು ಜಿಗುಟು ಮಾಡುತ್ತದೆ. ನೀಲಗಿರಿ ಎಣ್ಣೆ, ಟೀ ಟ್ರೀ ಎಣ್ಣೆ ಎರಡು ಹನಿ ಹಾಕಿ ಅಂತ ಎಲ್ಲರೂ ಬರೆಯುತ್ತಾರೆ, ಆದರೆ ಎಣ್ಣೆ ನೀರಿನಲ್ಲಿ ಕರಗಲ್ಲ, ಒಂದೇ ಕಡೆ ಬಿದ್ದು ರಬ್ಬರನ್ನು ತಿನ್ನುತ್ತದೆ, ಮನೆಯಲ್ಲಿ ಬೆಕ್ಕಿದ್ದರೆ ಟೀ ಟ್ರೀ ಅದಕ್ಕೆ ವಿಷ. ಕೈಗೆ ಹಚ್ಚುವ ಸ್ಯಾನಿಟೈಸರ್ ಕೂಡ ದಿನಾ ಹಾಕಿದರೆ ರಬ್ಬರು ಒಣಗಿ ಬಿರುಕು ಬಿಡುತ್ತದೆ.

ಇಷ್ಟೆಲ್ಲ ಮಾಡಿದರೂ ಮ್ಯಾಟು ಒಂದು ದಿನ ಪುಡಿ ಉದುರಿಸಲು ಶುರು ಮಾಡುತ್ತದೆ, ಕೈ ಊರುವ ಜಾಗದಲ್ಲಿ ಗುಳಿ ಬೀಳುತ್ತದೆ. ಆಗ ತೊಳೆದು ಪ್ರಯೋಜನ ಇಲ್ಲ. ಎಸೆಯುವ ಮುಂಚೆ ಗಟ್ಟಿಯಾಗಿರುವ ಭಾಗವನ್ನು ಕತ್ತರಿಸಿಕೊಳ್ಳಿ. ಆ ಬೇಸಿಗೆಯಲ್ಲಿ ನಾನು ಬಿಸಿಲಿಗೆ ಹಾಕಿ ಹಾಳು ಮಾಡಿದ ರಬ್ಬರ್ ಮ್ಯಾಟಿನ ಒಂದು ತುಂಡು ಈಗ ನಮ್ಮ ಮಿಕ್ಸಿ ಕೆಳಗಿದೆ, ಚಟ್ನಿ ರುಬ್ಬುವಾಗ ಮಿಕ್ಸಿ ಕಟ್ಟೆಯ ಮೇಲೆ ಓಡಾಡೋದು ನಿಂತಿದೆ.